ಕಾನೂನು, ಒಪ್ಪಿಗೆ, ಷರತ್ತು: ಚಿನ್ನದ ಗಣಿ ಸೀಮೆಯಲ್ಲಿ ಲಸಿಕೆಯ ಇತಿಹಾಸ

ಶಾಲಾ ಮಕ್ಕಳಿಗೆ ಲಸಿಕೆಯನ್ನು ಕಡ್ಡಾಯಗೊಳಿಸಬೇಕೆ, ಅದನ್ನು ಹೆತ್ತವರ ಇಚ್ಛೆಗೆ ಬಿಡಬೇಕೆ ಎಂಬ ಚರ್ಚೆ ಸಾಮಾನ್ಯವಾಗಿ ಕಾನೂನಿನ ಅಧಿಕಾರ ಮತ್ತು ವ್ಯಕ್ತಿಯ ಸ್ವಾತಂತ್ರ್ಯ ಎಂಬ ಎರಡೇ ತುದಿಗಳ ನಡುವೆ ನಡೆಯುತ್ತದೆ. ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿಗಳ ಸೀಮೆಯ ಕಡೆಯಿಂದ ನೋಡಿದರೆ ಇವೆರಡರ ನಡುವೆ ಮೂರನೆಯದೊಂದು ಕಾಣಿಸುತ್ತದೆ. ಅದು ಷರತ್ತು, ಅಂದರೆ ಲಸಿಕೆಯನ್ನು ಬಾಯಿಬಿಟ್ಟು ಕಡ್ಡಾಯವೆನ್ನದೆ ಕೆಲಸಕ್ಕೋ ವಾಸಕ್ಕೋ ಶಾಲೆಗೋ ಅದನ್ನು ಗಂಟುಹಾಕುವ ಕ್ರಮ. ಈ ಭಾಗದ ಎರಡು ಶತಮಾನಗಳ ಅನುಭವದಲ್ಲಿ ಕಾನೂನಿನ ಕಡ್ಡಾಯಕ್ಕಿಂತ ಇಂಥ ಷರತ್ತುಗಳೇ ಜನರ ಬದುಕನ್ನು ಹೆಚ್ಚು ಹತ್ತಿರದಿಂದ ತಟ್ಟಿವೆ.

ಭಾರತದಲ್ಲಿ ಸಿಡುಬಿನ ಲಸಿಕೆಯನ್ನು ಮೊದಲು ಪಡೆದದ್ದು ಮುಂಬಯಿಯ ಮೂರು ವರ್ಷದ ಹೆಣ್ಣುಮಗು ಆನಾ ಡಸ್ಟ್‌ಹಾಲ್, 1802ರ ಜೂನ್ 14ರಂದು. ಕೆಲವೇ ವರ್ಷಗಳಲ್ಲಿ ಲಸಿಕೆ ಮೈಸೂರಿನ ಅರಮನೆಯನ್ನು ಮುಟ್ಟಿತು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೈಸೂರಿನ ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರುವ ಭಂಗಿ ಲಸಿಕೆ ಹಾಕಿಸಿಕೊಂಡದ್ದನ್ನು ಸಾರುತ್ತದೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ವಯಸ್ಸಿನ ರಾಣಿ ದೇವಜಮ್ಮಣ್ಣಿ ಎಂಬುದು ಅವರ ಅಭಿಪ್ರಾಯ. ಈ ಓದು ಸರಿಯಾಗಿದ್ದರೆ, ಮೈಸೂರು ಸೀಮೆಯಲ್ಲಿ ಲಸಿಕೆಯ ಪ್ರಚಾರ ಆಜ್ಞೆಯಿಂದಲ್ಲ, ಮೇಲ್ಪಂಕ್ತಿಯಿಂದ ಮೊದಲಾಯಿತೆನ್ನಬೇಕಾಗುತ್ತದೆ.

ಆದರೆ ಮೇಲ್ಪಂಕ್ತಿ ಜನಸಾಮಾನ್ಯರ ಅಂಜಿಕೆಯನ್ನು ತೊಡೆಯಲಿಲ್ಲ, ಆ ಅಂಜಿಕೆಗೆ ಕಾರಣವೂ ಇತ್ತು. ಆರಂಭದ ದಶಕಗಳಲ್ಲಿ ಲಸಿಕೆ ತೋಳಿನಿಂದ ತೋಳಿಗೆ ಸಾಗುತ್ತಿತ್ತು. ಒಂದು ಮಗುವಿಗೆ ಹಾಕಿದ ಲಸಿಕೆ ಎಂಟನೆಯ ದಿನದ ಹೊತ್ತಿಗೆ ಗುಳ್ಳೆಯಾಗಿ ಏಳುತ್ತಿದ್ದಂತೆ ಅದನ್ನು ಒಡೆದು, ಅದರ ರಸವನ್ನು ಮುಂದಿನ ಮಗುವಿನ ತೋಳಿಗೆ ಹಚ್ಚುತ್ತಿದ್ದರು. ಯಾವ ಮನೆಯ, ಯಾವ ಜಾತಿಯ ಮಗುವಿನ ರಸ ತಮ್ಮ ಮಗುವಿನ ಮೈಸೇರುತ್ತದೆಂಬ ಪ್ರಶ್ನೆಯ ಜೊತೆಗೆ, ಜ್ವರದಲ್ಲಿರುವ ತಮ್ಮ ಮಗುವಿನ ಗುಳ್ಳೆಯನ್ನು ಪರರಿಗಾಗಿ ಒಡೆಸಬೇಕೆಂಬ ಸಂಕಟವೂ ತಾಯಂದಿರಿಗಿತ್ತು. ಕರುಗಳ ಮೈಯಲ್ಲಿ ಬೆಳೆಸಿದ ರಸ ಬಳಕೆಗೆ ಬಂದಮೇಲೆ ಈ ಆಕ್ಷೇಪ ತಗ್ಗಿತಾದರೂ ಗಾಯ ತಪ್ಪಲಿಲ್ಲ. ಮುಂದೆ ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸುತ್ತು ಸೂಜಿ ಕಡ್ಡಿಯ ತುದಿಗೆ ಹಲ್ಲುಳ್ಳ ಸಣ್ಣ ಬಿಲ್ಲೆ ಕೂಡಿಸಿದ ಸಾಧನವಾಗಿದ್ದು, ಅದನ್ನು ರಸದ ಹನಿಯ ಮೇಲೆ ಒತ್ತಿ ತಿರುಗಿಸಿದಾಗ ಆಗುತ್ತಿದ್ದ ಗಾಯ ಜೀವನಪರ್ಯಂತ ಉಳಿಯುವ ದುಂಡನೆಯ ಕಲೆಯಾಗುತ್ತಿತ್ತು. ಇತ್ತ ಸಿಡುಬನ್ನು ರೋಗವೆಂದಲ್ಲ, ಅಮ್ಮನ ಆಗಮನವೆಂದೇ ಕಂಡು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಿಯಮ್ಮನಿಗೆ ಅಂಬಲಿ ಎರೆದು ತಂಪು ಮಾಡುತ್ತಿದ್ದ ಕುಟುಂಬಗಳಿಗೆ ಈ ಗಾಯ ದೇವಿಯ ಕಾರ್ಯದಲ್ಲಿ ಕೈಹಾಕಿದಂತೆ ತೋರಿದ್ದರೆ ಅದು ಅಸಹಜವಲ್ಲ.

ಇಂಗ್ಲೆಂಡಿನಲ್ಲಿ 1853ರ ಕಾಯ್ದೆ ಶಿಶುಗಳಿಗೆ ಲಸಿಕೆಯನ್ನು ಕಡ್ಡಾಯಗೊಳಿಸಿತ್ತು. ದಶಕಗಳ ಪ್ರತಿಭಟನೆಯ ನಂತರ 1898ರಲ್ಲಿ, ಆತ್ಮಸಾಕ್ಷಿಗೆ ಒಪ್ಪದ ತಂದೆತಾಯಿಯರಿಗೆ ವಿನಾಯಿತಿ ಕೊಡುವ ಕಲಮು ಅಲ್ಲಿ ಸೇರಿತು. ಬ್ರಿಟಿಷ್ ಭಾರತದ 1880ರ ಲಸಿಕೆ ಕಾಯ್ದೆ ಆರಿಸಿದ ಪುರಸಭೆಗಳಿಗೆ ಮತ್ತು ದಂಡಿನ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನ 1906ರಲ್ಲಿ ತನ್ನದೇ ಲಸಿಕೆ ಶಾಸನ ಮಾಡಿತು. ಹೀಗೆ ಕಡ್ಡಾಯವೆಂಬುದು ಕಾಗದದ ಮೇಲೆ ಊರಿಂದೂರಿಗೆ ಬೇರೆಯಾಗಿತ್ತು.

ಚಿನ್ನದ ಗಣಿಯ ಊರು ಇವೆಲ್ಲಕ್ಕಿಂತ ಭಿನ್ನ ರಚನೆಯದು. ಮೈಸೂರಿನ ಕಮಿಷನರ್ ಆಗಿದ್ದ ಎಲ್.ಬಿ. ಬೌರಿಂಗರ ಹೆಸರಿನ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. 1894ರಲ್ಲಿ ಅಲ್ಲಿಂದ ಮಾರಿಕುಪ್ಪಂ ಕಡೆಗೆ ರೈಲು ಕವಲು ಹಾದಿ ತೆರೆದಮೇಲೆ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬರುವ ಕೂಲಿಗಾರರಿಗೆ ಅದು ಹೆಬ್ಬಾಗಿಲಾಯಿತು. 1901ರ ಜನಗಣತಿಯಲ್ಲಿ ಗಣಿ ಪ್ರದೇಶದ ಜನಸಂಖ್ಯೆ 38,204. ಇವರಲ್ಲಿ ದೊಡ್ಡ ಪಾಲು ತಮಿಳು ಮಾತಾಡುವ ದಲಿತ ಕುಟುಂಬಗಳು. ಗಣಿಯೊಳಗಿನ ಕೆಲಸ, ಲೈನುಗಳೆಂದು ಕರೆಸಿಕೊಂಡ ಸಾಲುಮನೆಗಳು, ಆಸ್ಪತ್ರೆ ಇವೆಲ್ಲ ಜಾನ್ ಟೇಲರ್ ಅಂಡ್ ಸನ್ಸ್ ನೋಡಿಕೊಳ್ಳುತ್ತಿದ್ದ ಕಂಪನಿಗಳ ಕೈಯಲ್ಲೇ ಇದ್ದವು. ಕೂಲಿ ಕೊಡುವವರೂ ಮನೆ ಕೊಡುವವರೂ ಔಷಧ ಕೊಡುವವರೂ ಒಬ್ಬರೇ ಆದ ಊರಿನಲ್ಲಿ ವೈದ್ಯರ ಸಲಹೆಗೂ ಯಜಮಾನರ ಆಜ್ಞೆಗೂ ನಡುವಣ ಗೆರೆ ತೆಳುವಾಗಿರುತ್ತದೆ; ಅಂಥಲ್ಲಿ ಒಲ್ಲೆನೆನ್ನುವ ಹಕ್ಕನ್ನು ಯಾವ ಶಾಸನವೂ ಕಿತ್ತುಕೊಳ್ಳದಿದ್ದರೂ ಅದನ್ನು ಚಲಾಯಿಸುವ ಧೈರ್ಯ ಸುಲಭದ್ದಲ್ಲ.

1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಷರತ್ತಿನ ಕ್ರಮವನ್ನು ಸ್ಪಷ್ಟವಾಗಿ ತೋರಿಸಿತು. ವಾಲ್ಡೆಮಾರ್ ಹಾಫ್ಕಿನ್ ಹಿಂದಿನ ವರ್ಷ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಪ್ಲೇಗಿನ ಚುಚ್ಚುಮದ್ದನ್ನು ಹುಬ್ಬಳ್ಳಿ–ಧಾರವಾಡಗಳಲ್ಲಿ ಬಹುದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಮುಂಬಯಿ ಪ್ರಾಂತದಲ್ಲಿ ಅದನ್ನು ಕಡ್ಡಾಯ ಮಾಡಲಿಲ್ಲ, ಆದರೆ ಹಾಕಿಸಿಕೊಂಡವರಿಗೆ ಕೊಟ್ಟ ಪ್ರಮಾಣಪತ್ರ ಮನೆಬಿಟ್ಟು ಶಿಬಿರ ಸೇರುವ ಕಷ್ಟದಿಂದ ಪಾರುಮಾಡುತ್ತಿತ್ತು. ಶಿಬಿರ, ಮನೆ ಶೋಧ, ರೈಲು ಪ್ರಯಾಣಿಕರ ತಪಾಸಣೆಗಳಿಂದ ರೋಸಿದ ಜನ ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದಂಗೆ ಎದ್ದರು. ಅನುಮಾನಕ್ಕೆ ಪುಷ್ಟಿ ಕೊಡುವಂತೆ 1902ರಲ್ಲಿ ಪಂಜಾಬಿನ ಮಲ್ಕೋವಾಲದಲ್ಲಿ ಒಂದು ಬಾಟಲಿಯ ಮದ್ದು ಕೆಟ್ಟು, ಧನುರ್ವಾಯುವಿನಿಂದ 19 ಮಂದಿ ಸತ್ತರು. ಹೆತ್ತವರ ಅಂಜಿಕೆಯನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಲಾಗದೆಂಬುದಕ್ಕೆ ಈ ಪ್ರಕರಣ ಸಾಕ್ಷಿ.

ಗಣಿಯ ಕಾರ್ಮಿಕರು ಮೈಮೇಲಿನ ಅಧಿಕಾರವನ್ನು ಬಹಿರಂಗವಾಗಿ ಪ್ರಶ್ನಿಸಿದ್ದು ಲಸಿಕೆಯ ವಿಷಯದಲ್ಲಲ್ಲ, ಬೆರಳಚ್ಚಿನ ವಿಷಯದಲ್ಲಿ. 1930ರಲ್ಲಿ ಪ್ರತಿಯೊಬ್ಬ ಕೆಲಸಗಾರನ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಬಂದಾಗ, ತಮ್ಮನ್ನು ಕಳ್ಳರಂತೆ ಕಾಣಲಾಗುತ್ತಿದೆ ಎಂದು ಅವರು ಮೂರು ವಾರ ಕೆಲಸ ನಿಲ್ಲಿಸಿದರು, ಸರ್ಕಾರ ಆ ಕ್ರಮದಿಂದ ಹಿಂದೆ ಸರಿಯಬೇಕಾಯಿತು. ಒಬ್ಬೊಬ್ಬರಾಗಿ ಇಲ್ಲವೆನ್ನಲಾಗದವರು ಒಟ್ಟಾಗಿ ಇಲ್ಲವೆನ್ನಬಲ್ಲರೆಂಬುದನ್ನು ಈ ಮುಷ್ಕರ ತೋರಿಸಿತು.

ಶಾಲೆ ಲಸಿಕೆಯ ತಾಣವಾದದ್ದರ ಹಿಂದೆ ಸರಳ ಲೆಕ್ಕವಿದೆ: ಮನೆಮನೆ ಅಲೆಯುವುದಕ್ಕಿಂತ ಒಂದೆಡೆ ಸೇರಿದ ಮಕ್ಕಳನ್ನು ಮುಟ್ಟುವುದು ಸುಲಭ. ಹೆತ್ತವರ ಪ್ರಶ್ನೆ ತೀಕ್ಷ್ಣವಾದದ್ದೂ ಇಲ್ಲೇ, ಏಕೆಂದರೆ ತರಗತಿಯಲ್ಲಿ ಅವರು ಇರುವುದಿಲ್ಲ. ಕ್ಷಯದ ವಿರುದ್ಧದ ಬಿಸಿಜಿ ಲಸಿಕೆಯ ಪ್ರಾಯೋಗಿಕ ಕೆಲಸ 1948ರಲ್ಲಿ ಕೋಲಾರ ಜಿಲ್ಲೆಯ ಗಡಿಯಾಚೆಗಿನ ಮದನಪಲ್ಲಿಯಲ್ಲಿ ಆರಂಭವಾಯಿತು. ಬೆಣಚುಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕ್ಷಯಕ್ಕೆ ದಾರಿ ಮಾಡಿಕೊಡುವುದರಿಂದ ಗಣಿಯ ಮನೆಗಳಿಗೆ ಇದು ದೂರದ ಸಂಗತಿಯಾಗಿರಲಿಲ್ಲ. ಬಿಸಿಜಿ ದೇಶವ್ಯಾಪಿ ಆಂದೋಲನವಾದಾಗ, ಸಾಕಷ್ಟು ಆಧಾರವಿಲ್ಲದೆ, ಹೆತ್ತವರ ಅರಿವಿಲ್ಲದೆ ಶಾಲಾ ಮಕ್ಕಳಿಗೆ ಚುಚ್ಚಲಾಗುತ್ತಿದೆಯೆಂದು ಸಿ. ರಾಜಗೋಪಾಲಾಚಾರಿ 1955ರಲ್ಲಿ ಬಹಿರಂಗವಾಗಿ ವಿರೋಧಿಸಿದರು. 1968ರಲ್ಲಿ ಶುರುವಾದ ಚಿಂಗಲ್‌ಪೇಟೆಯ ಬೃಹತ್ ಪ್ರಯೋಗ, ವಯಸ್ಕರ ಶ್ವಾಸಕೋಶದ ಕ್ಷಯವನ್ನು ಬಿಸಿಜಿ ತಡೆಯುವುದಿಲ್ಲವೆಂದು ಕಂಡುಕೊಂಡಿತು. ಆದರೆ ಎಳೆಯ ಮಕ್ಕಳ ಮೆದುಳುಪೊರೆಯ ಕ್ಷಯದಂಥ ಘೋರ ರೂಪಗಳಿಂದ ಅದು ರಕ್ಷಿಸುತ್ತದೆಂಬುದು ಇತರ ಅಧ್ಯಯನಗಳಿಂದ ದೃಢಪಟ್ಟಿದ್ದರಿಂದ ಇಂದಿಗೂ ಹಸುಗೂಸುಗಳಿಗೆ ಅದನ್ನು ಹಾಕಲಾಗುತ್ತದೆ. ಪ್ರಶ್ನೆ ಕೇಳಿದವರಲ್ಲೂ ಲಸಿಕೆ ಹಾಕಿದವರಲ್ಲೂ ಒಂದಷ್ಟು ಸತ್ಯವಿತ್ತು.

ಇನ್ನೊಂದೆಡೆ ಸಿಡುಬಿನ ವಿಷಯದಲ್ಲಿ ಲಸಿಕೆ ಗೆದ್ದಿತು. ಭಾರತದ ಕಡೆಯ ಪ್ರಕರಣ 1975ರ ಮೇ ತಿಂಗಳಲ್ಲಿ ದಾಖಲಾಯಿತು. ಗುರಿ ಕಳೆದುಕೊಂಡ 1880ರ ಕಾಯ್ದೆಯನ್ನು ಸಂಸತ್ತು 2001ರಲ್ಲಿ ರದ್ದುಪಡಿಸಿತು. ಅದೇ ವರ್ಷ, ಆ ಹೊತ್ತಿಗೆ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿ, ಮನೆ, ಆಸ್ಪತ್ರೆ, ಕೂಲಿಗಳನ್ನು ಒಂದೇ ಕೈಯಲ್ಲಿ ಹಿಡಿದಿದ್ದ ವ್ಯವಸ್ಥೆ ಕೊನೆಗೊಂಡಿತು. ಗಣಿ ಊರಿನ ಜನ ದಿನವೂ ಬಂಗಾರಪೇಟೆ ಹಾದು ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗುವವರಾದರು.

ಕಾಯ್ದೆ ಹೋದರೂ ಷರತ್ತು ಹೋಗಲಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಂಬತ್ತು ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ಶಾಲೆಗಳಲ್ಲೇ ಆರಂಭವಾದಾಗ ವಾಟ್ಸ್‌ಆ್ಯಪ್ ವದಂತಿಗಳು ಹೆತ್ತವರನ್ನು ಹಿಂಜರಿಯುವಂತೆ ಮಾಡಿದವು. ದೆಹಲಿಯ ಇಂಥದೇ ಅಭಿಯಾನದ ಕುರಿತು ಅಲ್ಲಿನ ಹೈಕೋರ್ಟ್ 2019ರಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ಬಲವಂತವಾಗಿ ಲಸಿಕೆ ಹಾಕಲಾಗದೆಂದಿತು. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ, ಶಾಲೆಗೆ ಬರುವ ಮಕ್ಕಳ ತಂದೆತಾಯಿಯರು ಕೋವಿಡ್ ಲಸಿಕೆಯ ಎರಡೂ ಡೋಸು ಪಡೆದಿರಬೇಕೆಂದು ಆದೇಶಿಸಿತು. ಇಲ್ಲಿ ಹೆತ್ತವರ ತೋಳಿಗೆ ಮಗುವಿನ ಪಾಠ ಜಾಮೀನಾಯಿತು. 2022ರ ಮೇ 2ರಂದು ಸುಪ್ರೀಂ ಕೋರ್ಟು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕಲಾಗದೆಂದೂ, ಸಾರ್ವಜನಿಕ ಆರೋಗ್ಯಕ್ಕಾಗಿ ಹಾಕುವ ನಿರ್ಬಂಧಗಳು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕೆಂದೂ ತೀರ್ಪಿತ್ತಿತು.

ದಡಾರದಂಥ ರೋಗ ಲಸಿಕೆಯಿಲ್ಲದ ಮಗುವನ್ನಷ್ಟೇ ಅಲ್ಲ, ಲಸಿಕೆಯ ವಯಸ್ಸಾಗದ ಪಕ್ಕದ ಮನೆಯ ಕೂಸನ್ನೂ ಮುಟ್ಟುವುದರಿಂದ ಹೆತ್ತವರ ಆಯ್ಕೆಯನ್ನು ಅವರ ಮನೆಯೊಳಗಿನ ಸಂಗತಿಯೆಂದಷ್ಟೇ ಕಾಣಲಾಗದು. ಹಾಗೆಂದು ಕಡ್ಡಾಯವೆಂಬ ಪದ ಕಾನೂನಿನಲ್ಲಿದೆಯೇ ಇಲ್ಲವೇ ಎಂದು ಹುಡುಕಿ ಸುಮ್ಮನಾದರೆ ಚರ್ಚೆ ಮುಗಿಯುವುದಿಲ್ಲ. ಚಿನ್ನದ ಗಣಿಯ ಇತಿಹಾಸ ಕೇಳಿಸುವ ಪ್ರಶ್ನೆ ಬೇರೆ: ಒಲ್ಲೆನೆಂದ ತಂದೆತಾಯಿ ಅದರಿಂದ ಏನನ್ನು ಕಳೆದುಕೊಳ್ಳುತ್ತಾರೆ, ಒಪ್ಪಿದವರಿಗೆ ತಿಳಿವಳಿಕೆ ಎಷ್ಟು ದೊರೆತಿದೆ, ಮದ್ದು ಕೆಟ್ಟರೆ ಹೊಣೆ ಯಾರದು? ಈ ಮೂರಕ್ಕೂ ಉತ್ತರವಿರುವ ಕಡೆ ಷರತ್ತನ್ನು ಸಮರ್ಥಿಸಬಹುದು. ಇಲ್ಲದ ಕಡೆ, ಶಾಸನ ಸುಮ್ಮನಿದ್ದರೂ ಕಡ್ಡಾಯ ಜಾರಿಯಲ್ಲಿದೆ ಎಂದೇ ಅರ್ಥ.