ಎರಡು ಲಿಪಿ, ಒಂದು ಕೀಲಿಮಣೆ



1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಬೀದರ ಜಿಲ್ಲೆಯ ನಾರಾಯಣಖೇಡ, ನಿರ್ಣಾ ವೃತ್ತ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಆಂಧ್ರಪ್ರದೇಶದ ಪಾಲಾದವು, 2014ರಿಂದ ತೆಲಂಗಾಣದಲ್ಲಿವೆ. ಅಂದಿನಿಂದ ನಮ್ಮಲ್ಲಿ ಅನೇಕರಿಗೆ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಗಣಕಯಂತ್ರ ಬಂದಾಗಲೂ ಈ ಇಬ್ಬಂದಿ ತಪ್ಪಲಿಲ್ಲ.

1998ರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ – ಇವುಗಳಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಆಗ ಎರಡೂ ವಿಂಡೋಸ್ ಇದ್ದಲ್ಲೇ ನಡೆಯುತ್ತಿದ್ದವು. ಆ ದಿನಗಳಲ್ಲಿ ಅವುಗಳಲ್ಲಿ ಬರೆದ ಪತ್ರವನ್ನು ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಬೇರೆ ದಾರಿ ಬೇಕೆಂದವರಿಗೆ ಲಿನಕ್ಸ್ ಇತ್ತು.

ಈ ಮುಕ್ತ ತಂತ್ರಾಂಶದ ಹುಟ್ಟಿಗೂ ಒಂದು ಹಟಮಾರಿ ಯಂತ್ರವೇ ಕಾರಣ ಎಂದರೆ ನಗು ಬಂದೀತು. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲಿ ರಿಚರ್ಡ್ ಸ್ಟಾಲ್ಮನ್ ಅವರ ಪ್ರಯೋಗಾಲಯದ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸರಿಪಡಿಸಲು ಅದರ ಮೂಲಸಂಕೇತ ಕೇಳಿದರೆ ಕೊಡಲೊಪ್ಪಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಪ್ರಕಟಿಸುವಾಗ, ತನ್ನಲ್ಲಿರುವ ಬಗೆಯ ಹಾರ್ಡ್ ಡಿಸ್ಕ್ ಬಿಟ್ಟು ಬೇರೆಯದಕ್ಕೆ ಇದು ಬಹುಶಃ ಒಗ್ಗದು ಎಂದು ಮೊದಲೇ ಹೇಳಿಬಿಟ್ಟಿದ್ದರು.

ಆ ಮಾತು ಬಹುಕಾಲ ಕಾಡಿತು. ಅಗ್ಗದ ಮೋಡೆಮ್‌ಗಳು ತಮ್ಮ ಅರ್ಧ ಕೆಲಸವನ್ನು ವಿಂಡೋಸಿನ ಮೇಲೆ ಹೊರಿಸಿರುತ್ತಿದ್ದವು. ಲಿನಕ್ಸ್ ಹಾಕಿದೊಡನೆ ಅವು ಮೂಕವಾಗುತ್ತಿದ್ದವು. ಹಲವು ಪ್ರಿಂಟರುಗಳದೂ ಅದೇ ಪಾಡು. ಯಂತ್ರದೊಡನೆ ಮಾತಾಡುವ ಡ್ರೈವರ್ ಬರೆಯಲು ತಯಾರಕರು ವಿವರ ಕೊಡಬೇಕು. ಕೊಡದಿದ್ದರೆ ಸ್ವಯಂಸೇವಕರು ಊಹಿಸಿ ಬರೆಯಬೇಕು. ವೈ-ಫೈ ಚಿಪ್ಪುಗಳನ್ನು ಮಾಡುವ ಬ್ರಾಡ್‌ಕಾಮ್ ಮುಕ್ತ ಡ್ರೈವರ್ ಕೊಟ್ಟದ್ದು 2010ರಲ್ಲಿ. ಬೆಂಗಳೂರಿನಲ್ಲಾದರೆ ಕೇಳಲು ನಾಲ್ಕು ಜನ ಸಿಕ್ಕಾರು. ತಾಂಡೂರಿನಂಥ ಊರಲ್ಲಿ ಪ್ರಿಂಟರ್ ನಿಂತರೆ ಅರ್ಜಿಯೂ ನಿಂತಂತೆ. ಹಾಗಾಗಿ ವಿಂಡೋಸನ್ನೇ ನೆಚ್ಚಿದವರನ್ನು ನಾನು ದೂರಲಾರೆ.

ಇಷ್ಟಾದರೂ ಲಿನಕ್ಸನ್ನು ಆರಿಸಿಕೊಳ್ಳಲು ಗಡಿನಾಡಿನವರಿಗೆ ಕಾರಣವುಂಟು. 1991ರಲ್ಲೇ ಬಂದ ಯೂನಿಕೋಡ್‌ನಲ್ಲಿ ತೆಲುಗು, ಕನ್ನಡ ಅಕ್ಕಪಕ್ಕದ ಮನೆಗಳು. ಒಂದೊಂದಕ್ಕೂ 128 ಸ್ಥಾನ. ತೆಲುಗಿನ ‘ಕ’ದಿಂದ ಕನ್ನಡದ ‘ಕ’ಕ್ಕೆ ಸರಿಯಾಗಿ 128 ಹೆಜ್ಜೆ. ಒಂದೇ ಕಡತದಲ್ಲಿ ಎರಡೂ ಲಿಪಿ ಜಗಳವಿಲ್ಲದೆ ಕೂರುತ್ತವೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎರಡಕ್ಕೂ ‘ಕ’ ಇರುವುದು ಒಂದೇ ಕೀಲಿಯ ಮೇಲೆ. ತೆಲುಗು ಕಲಿತ ಬೆರಳಿಗೆ ಕನ್ನಡ ಹೊಸದಲ್ಲ. ಈಗ ವಿಂಡೋಸಿನಲ್ಲೂ ಇವು ಸಿಗುತ್ತವೆ, ನಿಜ.

ಆದರೆ ಇನ್ನೊಂದು ಮಾತಿದೆ. ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡಕ್ಕೆಂದು ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿದೆ – ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಮೂಲಸಂಕೇತ ತೆರೆದಿದ್ದರಿಂದ ಅದಕ್ಕೆ ಬೇರೆ ಲಿಪಿಗಳನ್ನೂ ಹೊಂದಿಸಲಾಯಿತು. ಪಟ್ಟಿಯಲ್ಲಿ ಹುಡುಕಿ ನೋಡಿ: ತೆಲುಗು ಕಗಪವೂ ಅಲ್ಲಿದೆ.