ಬೆರಳ ತುದಿಯ ಗುಟ್ಟುಗಳು

ಟೆನಿಸ್ ಬಾಲಿನಲ್ಲಿ ಗಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಗುಂಪಿನಲ್ಲಿ ಒಬ್ಬ ಚೆಂಡನ್ನು ಹೇಗೋ ಹಿಡಿದು ಹೇಗೋ ಬಿಡುತ್ತಾನೆ, ಬಿದ್ದ ಮೇಲೆ ಅದು ಎತ್ತ ಹೋಗುತ್ತದೋ ಯಾರಿಗೂ ಗೊತ್ತಾಗುವುದಿಲ್ಲ. ಒಂದು ವಾರ ಅವನೇ ರಾಜ. "ಹೆಂಗೆ ಹಿಡ್ಕೋತೀಯೋ, ಒಂದ್ಸಲ ತೋರ್ಸೋ" ಅಂದರೆ ಕೈಯನ್ನು ಚಡ್ಡಿ ಜೇಬಿಗೆ ಸೇರಿಸಿಬಿಡುತ್ತಾನೆ. ಮುಂದಿನ ವಾರದ ಹೊತ್ತಿಗೆ ಯಾರೋ ಅವನ ಬೆರಳು ನೋಡಿಬಿಟ್ಟಿರುತ್ತಾರೆ. ಅಲ್ಲಿಗೆ ರಾಜ್ಯಭಾರ ಮುಗಿಯಿತು!

ಸ್ಪಿನ್ ಬೌಲಿಂಗಿನ ಚರಿತ್ರೆ ಓದುತ್ತಾ ಹೋದರೆ ಅದೂ ಹೆಚ್ಚುಕಮ್ಮಿ ಇದೇ ಕಥೆ. ಯಾರೋ ಒಬ್ಬ ಹೊಸ ಹಿಡಿತ ಕಂಡುಹಿಡಿಯುತ್ತಾನೆ, ಲೋಕ ಬೆಚ್ಚುತ್ತದೆ, ಆಮೇಲೆ ಗುಟ್ಟು ಒಡೆಯುತ್ತದೆ. ಒಡೆದ ಮೇಲೂ ಉಳಿದವರು ಯಾರು, ಉಳಿಯದವರು ಯಾರು ಅನ್ನುವುದೇ ನನಗೆ ಕುತೂಹಲ.

ಮೊದಲು ಸ್ವಲ್ಪ ಪಾಠ (ಗೊತ್ತಿದ್ದವರು ಈ ಪ್ಯಾರಾ ಹಾರಿಸಬಹುದು). ಲೆಗ್ ಬ್ರೇಕ್ ಹಾಕುವ ಬಲಗೈ ಬೌಲರ್ ಹೊಲಿಗೆಯ ಮೇಲೆ ಅಡ್ಡವಾಗಿ ತೋರುಬೆರಳು, ನಡುಬೆರಳು ಇಟ್ಟು, ಉಂಗುರದ ಬೆರಳನ್ನು ಮಡಚಿ ಹೊಲಿಗೆಗೆ ಒತ್ತಿ ಹಿಡಿಯುತ್ತಾನೆ. ಬಿಡುವಾಗ ಮಣಿಕಟ್ಟು ತಿರುಗುತ್ತದೆ, ಉಂಗುರದ ಬೆರಳು ಚೆಂಡನ್ನು ತಿರುಚುತ್ತದೆ. ಬಲಗೈ ಬ್ಯಾಟ್ಸ್‌ಮನ್ನಿಗೆ ಅದು ಲೆಗ್ ಕಡೆ ಬಿದ್ದು ಆಫ್ ಕಡೆಗೆ ಹೊರಳುತ್ತದೆ. ಈಗ ಹಿಡಿತವೂ ಅದೇ, ಓಟವೂ ಅದೇ ಇರಲಿ, ಮಣಿಕಟ್ಟನ್ನು ಮಾತ್ರ ಇನ್ನಷ್ಟು ತಿರುಗಿಸಿ, ಕೈಯ ಹಿಂಭಾಗ ಬ್ಯಾಟ್ಸ್‌ಮನ್ನಿಗೆ ಕಾಣುವಂತೆ, ಕಿರುಬೆರಳಿನ ಕಡೆಯಿಂದ ಚೆಂಡು ಬಿಡಿ. ಅದು ಉಲ್ಟಾ, ಆಫ್ ಕಡೆಯಿಂದ ಒಳಕ್ಕೆ ನುಗ್ಗುತ್ತದೆ. ಅದೇ ಗೂಗ್ಲಿ. ಹಿಡಿತ ಒಂದೇ, ಬಿಡುವ ಗಳಿಗೆ ಬೇರೆ.

ಈ ಗೂಗ್ಲಿ ಹುಟ್ಟಿದ್ದು ಮೈದಾನದಲ್ಲಲ್ಲ, ಮೇಜಿನ ಮೇಲೆ! ಇಂಗ್ಲೆಂಡಿನ ಬರ್ನಾರ್ಡ್ ಬೋಸಾಂಕ್ವೆ ಎಂಬಾತ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಕಾಲ, 1897ರ ಸುಮಾರು. 'ಟ್ವಿಸ್ಟಿ ಟ್ವೋಸ್ಟಿ' ಎಂಬ ಆಟ ಇತ್ತು. ಟೆನಿಸ್ ಚೆಂಡನ್ನು ಮೇಜಿನ ಮೇಲೆ ಪುಟಿಸಬೇಕು, ಎದುರಿಗೆ ಕೂತವನ ಕೈಗೆ ಅದು ಸಿಗಬಾರದು. ಒಂದು ಸಲ ಒಂದು ಕಡೆ, ಇನ್ನೊಂದು ಸಲ ಅದೇ ಕೈಚಳಕದಲ್ಲಿ ಇನ್ನೊಂದು ಕಡೆ ತಿರುಗಿಸುವುದನ್ನು ಕಲಿತ ಬೋಸಾಂಕ್ವೆಗೆ, ಇದನ್ನು ಕ್ರಿಕೆಟ್ ಚೆಂಡಿನಲ್ಲಿ ಯಾಕೆ ಮಾಡಬಾರದು ಅನ್ನಿಸಿತು. ಮೊದಲು ಮೆದು ಚೆಂಡಿನಲ್ಲಿ, ಆಮೇಲೆ ನೆಟ್ಸಿನಲ್ಲಿ, ಹೀಗೆ ಮೂರು ವರ್ಷ ಅಭ್ಯಾಸ ನಡೆಯಿತು. 1900ರಲ್ಲಿ ಲಾರ್ಡ್ಸ್‌ನಲ್ಲಿ ಮಿಡ್ಲ್‌ಸೆಕ್ಸ್ ಪರ ಆಡುವಾಗ ಮೊದಲ ಬಲಿ ಸಿಕ್ಕಿತು. ಲೆಸ್ಟರ್‌ಶೈರಿನ ಸ್ಯಾಮುಯೆಲ್ ಕೋ 98 ರನ್ ಹೊಡೆದಿದ್ದವರು, ಸ್ಟಂಪ್ ಔಟ್. ಆ ಚೆಂಡು ನಾಲ್ಕು ಸಲ ಪುಟಿದಿತ್ತಂತೆ! ಪಾಪ, ಶತಕಕ್ಕೆ ಎರಡೇ ರನ್ ಬಾಕಿ ಇದ್ದಾಗ ಇಂಥಾ ಚೆಂಡಿಗೆ ಔಟಾದವನ ಮುಖ ಹೇಗಿದ್ದಿರಬಹುದು ಊಹಿಸಿ.

ಜನ ನಕ್ಕರು. ಆದರೆ 1904ರಲ್ಲಿ ಸಿಡ್ನಿಯಲ್ಲಿ ಅದೇ ಬೋಸಾಂಕ್ವೆ 51 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿಗೆ ಆಶಸ್ ಗೆಲ್ಲಿಸಿದಾಗ ನಗು ನಿಂತಿತು. 1905ರಲ್ಲಿ ಟ್ರೆಂಟ್ ಬ್ರಿಜ್‌ನಲ್ಲಿ 107ಕ್ಕೆ 8 ವಿಕೆಟ್. ಆಸ್ಟ್ರೇಲಿಯಾದವರು ಗೂಗ್ಲಿಗೆ 'ಬೋಸಿ' ಅಂತ ಅವರದ್ದೇ ಹೆಸರಿಟ್ಟರು. ಅಷ್ಟೇ, ಬೋಸಾಂಕ್ವೆ ಕಥೆ ಹೆಚ್ಚುಕಮ್ಮಿ ಅಲ್ಲಿಗೆ ಮುಗಿಯುತ್ತದೆ. ಆಡಿದ್ದು ಏಳೇ ಟೆಸ್ಟು. ಚೆಂಡು ಎಲ್ಲಿ ಬೀಳುತ್ತದೆ ಎನ್ನುವುದು ಅವರಿಗೇ ಖಾತ್ರಿ ಇರುತ್ತಿರಲಿಲ್ಲ.

ಗುಟ್ಟು ಮಾತ್ರ ಹಡಗು ಹತ್ತಿತು. ಮಿಡ್ಲ್‌ಸೆಕ್ಸ್‌ನಲ್ಲಿ ಬೋಸಾಂಕ್ವೆ ಜೊತೆ ಆಡುತ್ತಿದ್ದ ರೆಗ್ಗಿ ಶ್ವಾರ್ಜ್ ನೋಡಿ ಕಲಿತು ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ವೋಗ್ಲರ್, ಫಾಕ್ನರ್, ವೈಟ್ ಸೇರಿ ನಾಲ್ವರು ಗೂಗ್ಲಿ ಬೌಲರುಗಳಾದರು. 1905-06ರಲ್ಲಿ ಅಲ್ಲಿಗೆ ಹೋದ ಇಂಗ್ಲೆಂಡ್ 4-1ರಿಂದ ಸೋತು ಬಂತು. ತಮಾಷೆ ಏನೆಂದರೆ ಶ್ವಾರ್ಜ್‌ಗೆ ಬರುತ್ತಿದ್ದದ್ದು ಗೂಗ್ಲಿ ಮಾತ್ರ, ಲೆಗ್ ಬ್ರೇಕ್ ಬರುತ್ತಲೇ ಇರಲಿಲ್ಲ. ಮೋಸದ ಚೆಂಡನ್ನೇ ದಿನಾ ಹಾಕಿದರೆ ಅದರಲ್ಲಿ ಮೋಸ ಎಲ್ಲಿ ಬಂತು? ಆದರೂ ವಿಕೆಟ್ ಬಿದ್ದವು, ಯಾಕೆಂದರೆ ಚೆಂಡು ಸರಿಯಾದ ಜಾಗದಲ್ಲಿ ಬೀಳುತ್ತಿತ್ತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾಗುವ ವ್ಯಕ್ತಿ ಕ್ಲಾರಿ ಗ್ರಿಮೆಟ್. ಹುಟ್ಟಿದ್ದು ನ್ಯೂಜಿಲೆಂಡ್, ಆಡಿದ್ದು ಆಸ್ಟ್ರೇಲಿಯಾಕ್ಕೆ. ಟೆಸ್ಟಿಗೆ ಕಾಲಿಟ್ಟಾಗ ವಯಸ್ಸು 33. ಆದರೂ 37 ಟೆಸ್ಟಿನಲ್ಲಿ 216 ವಿಕೆಟ್. ಟೆಸ್ಟಿನಲ್ಲಿ ಇನ್ನೂರು ವಿಕೆಟ್ ದಾಟಿದ ಮೊದಲಿಗ ಈತನೇ. ಹಿತ್ತಲಲ್ಲಿ ಪಿಚ್ ಮಾಡಿಕೊಂಡು ಒಬ್ಬನೇ ಅಭ್ಯಾಸ ಮಾಡುವುದು, ಚೆಂಡು ತಂದುಕೊಡಲು ಸಾಕಿದ ನಾಯಿ! ಎಂಟು ಚೆಂಡು ಮುಗಿಯುವವರೆಗೂ ಅದು ಕದಲದೆ ಕೂತಿರುತ್ತಿತ್ತಂತೆ (ಆಗ ಅಲ್ಲಿ ಓವರಿಗೆ ಎಂಟು ಚೆಂಡು). ಗ್ರಿಮೆಟ್ ಬೆಳೆಸಿದ ಅಸ್ತ್ರ ಫ್ಲಿಪ್ಪರ್. ನಾವು ಚಿಟಿಕೆ ಹೊಡೆಯುತ್ತೇವಲ್ಲ, ಹಾಗೆ ಹೆಬ್ಬೆರಳು ಮತ್ತು ಬೆರಳುಗಳ ನಡುವಿನಿಂದ ಚೆಂಡನ್ನು ಹಿಂಡಿ ಬಿಡುವುದು. ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಬಂದು, ಬಿದ್ದ ಮೇಲೆ ಪುಟಿಯದೆ ನೆಲ ಸವರಿಕೊಂಡು ಜಾರುತ್ತದೆ. ಬ್ಯಾಟ್ ಎತ್ತಿ ಕಾಯುತ್ತಿದ್ದವನು ಎಲ್‌ಬಿಡಬ್ಲ್ಯು. ಒಂದೇ ತೊಂದರೆ, ಬಿಡುವಾಗ ಚಿಟಿಕೆಯ ಸದ್ದು ಕೇಳುತ್ತಿತ್ತು. ಬ್ಯಾಟ್ಸ್‌ಮನ್ನುಗಳು ಕಿವಿಗೊಟ್ಟು ಕೇಳಲು ಶುರುಮಾಡಿದರು. ಅದಕ್ಕೆ ಗ್ರಿಮೆಟ್, ಬಲಗೈಯಲ್ಲಿ ಮಾಮೂಲಿ ಲೆಗ್ ಬ್ರೇಕ್ ಬಿಡುತ್ತಾ ಎಡಗೈಯಲ್ಲಿ ಚಿಟಿಕೆ ಹೊಡೆಯುತ್ತಿದ್ದರು ಎಂದು ಹೇಳುತ್ತಾರೆ!

ಈಗ ಬರುವುದು 1950. ವೆಸ್ಟ್ ಇಂಡೀಸ್ ತಂಡದಲ್ಲಿ ಸೋನಿ ರಾಮಾಧೀನ್ ಎಂಬ ಟ್ರಿನಿಡಾಡಿನ ಸಣ್ಣ ಆಳು. ಹೆಸರೇ ಹೇಳುವಂತೆ ಭಾರತದ ಮೂಲ. ತುಂಬು ತೋಳಿನ ಅಂಗಿಯ ಗುಂಡಿ ಮಣಿಕಟ್ಟಿನವರೆಗೆ ಬಿಗಿದು, ರಪರಪನೆ ಕೈ ತಿರುಗಿಸಿ ಬಿಡುತ್ತಿದ್ದರು. ಆಫ್ ಬ್ರೇಕೋ ಲೆಗ್ ಬ್ರೇಕೋ ಕೈ ನೋಡಿ ಹೇಳಲು ಆಗುತ್ತಿರಲಿಲ್ಲ. ಆ ವರ್ಷ ಲಾರ್ಡ್ಸ್‌ನಲ್ಲಿ 11 ವಿಕೆಟ್ ಕಿತ್ತರು, ಇಂಗ್ಲೆಂಡ್ ನೆಲದಲ್ಲಿ ವೆಸ್ಟ್ ಇಂಡೀಸಿಗೆ ಮೊದಲ ಟೆಸ್ಟ್ ಗೆಲುವು ಸಿಕ್ಕಿತು. ಏಳು ವರ್ಷದ ನಂತರ, 1957ರಲ್ಲಿ ಎಜ್‌ಬಾಸ್ಟನ್ನಿನಲ್ಲೂ ಮೊದಲ ಇನ್ನಿಂಗ್ಸಿನಲ್ಲಿ 49ಕ್ಕೆ 7. ಎರಡನೆಯದರಲ್ಲಿ ಪೀಟರ್ ಮೇ ಮತ್ತು ಕಾಲಿನ್ ಕೌಡ್ರಿ ಒಂದು ಉಪಾಯ ಮಾಡಿದರು. ಗುಟ್ಟು ತಿಳಿಯುವುದೇ ಬೇಡ, ಎಲ್ಲವನ್ನೂ ಆಫ್ ಬ್ರೇಕ್ ಎಂದುಕೊಂಡು ಮುಂದೆ ಕಾಲು ಚಾಚಿ ಪ್ಯಾಡಿನಿಂದ ತಡೆಯುವುದು. ಆಗಿನ ನಿಯಮದಲ್ಲಿ ಆಫ್ ಸ್ಟಂಪಿನ ಹೊರಗೆ ಕಾಲಿಗೆ ಬಡಿದರೆ ಎಲ್‌ಬಿಡಬ್ಲ್ಯು ಇರಲಿಲ್ಲ. ಇಬ್ಬರೂ ಸೇರಿ 411 ರನ್ ಕೂಡಿಸಿದರು. ರಾಮಾಧೀನ್ ಆ ಒಂದು ಇನ್ನಿಂಗ್ಸಿನಲ್ಲಿ ಹಾಕಿದ್ದು 98 ಓವರ್, ಅಂದರೆ 588 ಚೆಂಡು! ಸಿಕ್ಕಿದ್ದು ಎರಡು ವಿಕೆಟ್. ಓದುವಾಗಲೇ ಭುಜ ನೋಯುತ್ತದೆ.

ಅದೇ 1950ರ ಕೊನೆಗೆ ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬ ಬಂದ. ಜ್ಯಾಕ್ ಐವರ್ಸನ್. ಈತನ ಕಥೆ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಎರಡನೇ ಮಹಾಯುದ್ಧದಲ್ಲಿ ಐವರ್ಸನ್ ನ್ಯೂಗಿನಿಯಲ್ಲಿ ಸೈನಿಕ. ಬೇಜಾರು ಕಳೆಯಲು ಪಿಂಗ್ ಪಾಂಗ್ ಚೆಂಡನ್ನು ಹೆಬ್ಬೆರಳು ಮತ್ತು ಮಡಚಿದ ನಡುಬೆರಳಿನ ನಡುವೆ ಇಟ್ಟು ಚಿಮ್ಮುತ್ತಿದ್ದ. ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ಹೊಡೆಯುವುದನ್ನು ನೆನೆಸಿಕೊಳ್ಳಿ. ನಡುಬೆರಳು ಸ್ಪ್ರಿಂಗಿನಂತೆ ಬಿಚ್ಚಿಕೊಂಡು ಚೆಂಡನ್ನು ತಳ್ಳುತ್ತದೆ, ಹೆಬ್ಬೆರಳು ಯಾವ ದಿಕ್ಕು ತೋರಿಸುತ್ತದೋ ಅದರ ಮೇಲೆ ತಿರುವು. ಮಣಿಕಟ್ಟು ನೋಡಿ ಗೂಗ್ಲಿ ಗುರುತಿಸಲು ಕಲಿತಿದ್ದ ಬ್ಯಾಟ್ಸ್‌ಮನ್ನುಗಳಿಗೆ ಇಲ್ಲಿ ಮಣಿಕಟ್ಟಿನಲ್ಲಿ ಏನೂ ಕಾಣಿಸುತ್ತಿರಲಿಲ್ಲ. 1946ರಲ್ಲಿ, ಮೂವತ್ತು ದಾಟಿದ ಮೇಲೆ, ಮೆಲ್ಬರ್ನಿನ ಸಣ್ಣ ಕ್ಲಬ್ಬಿನ ಮೂರನೇ ದರ್ಜೆಯ ತಂಡ ಸೇರಿದ. ನಾಲ್ಕೇ ವರ್ಷದಲ್ಲಿ ಟೆಸ್ಟ್ ತಂಡ! ಇಂಗ್ಲೆಂಡ್ ವಿರುದ್ಧ 1950-51ರ ಸರಣಿಯಲ್ಲಿ 21 ವಿಕೆಟ್, ಸರಾಸರಿ 15.23. ಸಿಡ್ನಿಯಲ್ಲಿ 27 ರನ್ನಿಗೆ 6.

ಆಮೇಲೆ? ಆಮೇಲೆ ಟೆಸ್ಟೇ ಆಡಲಿಲ್ಲ. ಈತನಿಗೆ ಬ್ಯಾಟಿಂಗ್ ಬರುತ್ತಿರಲಿಲ್ಲ, ಫೀಲ್ಡಿಂಗೂ ಅಷ್ಟಕ್ಕಷ್ಟೆ. ಎಲ್ಲರೂ ಬಾಲ್ಯದಲ್ಲಿ ಕಲಿಯುವ ಆಟವನ್ನು ಈತ ಕಲಿತೇ ಇರಲಿಲ್ಲ, ಇದ್ದದ್ದು ಒಂದು ಬೆರಳು ಮಾತ್ರ. ಆಸ್ಟ್ರೇಲಿಯಾ ತಂಡದ ಜೊತೆಗಾರರೇ ಆದ ಕೀತ್ ಮಿಲ್ಲರ್, ಆರ್ಥರ್ ಮಾರಿಸ್ ದೇಶೀಯ ಪಂದ್ಯದಲ್ಲಿ ಎದುರಾದಾಗ ಗುಟ್ಟು ಅರಿತು ದಂಡಿಸಿದ್ದು ಐವರ್ಸನ್ ಧೈರ್ಯವನ್ನೇ ಕಳೆಯಿತು ಎನ್ನುತ್ತಾರೆ. ಪೆಟ್ಟು ತಿಂದಾಗ ಹಿಂದಿರುಗಿ ಹೋಗಲು ಬೇರೆ ದಾರಿ ಇರಲಿಲ್ಲ. ಕೊನೆಕೊನೆಗೆ ಖಿನ್ನತೆ. 1973ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಕ್ರಿಕೆಟ್ಟೇ ಅದಕ್ಕೆ ಕಾರಣ ಅಂತ ನಾನು ಹೇಳಲಾರೆ, ಇಪ್ಪತ್ತೆರಡು ವರ್ಷದ ಅಂತರ ಇದೆ. ಆದರೆ ಐದೇ ಟೆಸ್ಟು ಆಡಿ ಅಷ್ಟು ಜನರನ್ನು ಬೆಚ್ಚಿಸಿದ ಮನುಷ್ಯ ಹೀಗೆ ಹೋದದ್ದು ಮನಸ್ಸಿನಿಂದ ಹೋಗುವುದಿಲ್ಲ.

ಹಿಡಿತ ಮಾತ್ರ ಸಾಯಲಿಲ್ಲ. ಪತ್ರಿಕೆಯಲ್ಲಿ ಬಂದ ಐವರ್ಸನ್ ಕೈಯ ಫೋಟೋ ನೋಡಿ ಜಾನ್ ಗ್ಲೀಸನ್ ಎಂಬ ಹಳ್ಳಿಗಾಡಿನ ವಿಕೆಟ್ ಕೀಪರ್ ಅದನ್ನು ಕಲಿತು, ಮುಂದೆ ಆಸ್ಟ್ರೇಲಿಯಾಕ್ಕೆ 29 ಟೆಸ್ಟ್ ಆಡಿ 93 ವಿಕೆಟ್ ತೆಗೆದರು.

ಇನ್ನು ನಮ್ಮವರ ಕಡೆ ಬರೋಣ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರಿಗೆ ಎಳೆವಯಸ್ಸಿನಲ್ಲೇ ಪೋಲಿಯೋ ತಗುಲಿ ಬಲಗೈ ಸೊರಗಿತು. ಚೆಂಡನ್ನು ಎಸೆಯುತ್ತಿದ್ದುದು ಎಡಗೈಯಿಂದ. ಆದರೆ ಬೌಲಿಂಗ್ ಅದೇ ಸಣಕಲು ಬಲಗೈಯಿಂದ! ತೆಳ್ಳಗಿನ ಆ ಕೈ ಚಾವಟಿಯ ಹಾಗೆ ಬೀಸಿ ಬರುತ್ತಿತ್ತು, ಗೂಗ್ಲಿಯೂ ಟಾಪ್ ಸ್ಪಿನ್ನರೂ ಮಧ್ಯಮ ವೇಗದ ಬೌಲರುಗಳ ರಭಸದಲ್ಲಿ ಬರುತ್ತಿದ್ದವು. ಉಳಿದವರು ವರ್ಷಗಟ್ಟಲೆ ಕೂತು ಕಂಡುಹಿಡಿದ ಬಿಡುಗಡೆಯ ಗುಟ್ಟು ಇವರಿಗೆ ಕಾಯಿಲೆಯಿಂದ ಬಂದಿತ್ತು, ಯಾರು ನೋಡಿದರೂ ನಕಲು ಮಾಡುವ ಹಾಗಿರಲಿಲ್ಲ. ಚೆಂಡು ಏನು ಮಾಡುತ್ತದೆಂದು ಚಂದ್ರ ಅವರಿಗೇ ಗೊತ್ತಿರುತ್ತಿರಲಿಲ್ಲ ಎಂಬ ಮಾತು ಪ್ರಚಲಿತ. ಹದಿನೈದು ವರ್ಷ ಬರೀ ಅದೃಷ್ಟದಿಂದ ನಡೆಯುವುದಿಲ್ಲ ಅಂತ ನನ್ನ ತಕರಾರು. 1971ರಲ್ಲಿ ಓವಲ್‌ನಲ್ಲಿ 38ಕ್ಕೆ 6, ಇಂಗ್ಲೆಂಡ್ 101ಕ್ಕೆ ಆಲೌಟ್, ಇಂಗ್ಲೆಂಡಿನಲ್ಲಿ ನಮ್ಮ ಮೊದಲ ಸರಣಿ ಗೆಲುವು. 1977-78ರಲ್ಲಿ ಮೆಲ್ಬರ್ನಿನಲ್ಲಿ ಎರಡೂ ಇನ್ನಿಂಗ್ಸಿನಲ್ಲಿ ಸರಿಯಾಗಿ 52ಕ್ಕೆ 6, ಆಸ್ಟ್ರೇಲಿಯಾದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು. ಒಟ್ಟು 58 ಟೆಸ್ಟು, 242 ವಿಕೆಟ್. (ಬ್ಯಾಟಿಂಗಿನಲ್ಲಿ ಹೊಡೆದ ರನ್ 167, ಅದನ್ನು ಯಾರೂ ಕೇಳಬಾರದು.)

ಐವರ್ಸನ್ ಹಿಡಿತ 2008ರಲ್ಲಿ ಮತ್ತೆ ಎದ್ದು ಬಂತು, 'ಕೇರಂ ಬಾಲ್' ಎಂಬ ಹೊಸ ಹೆಸರಿನಲ್ಲಿ. ಶ್ರೀಲಂಕಾ ಸೇನೆಯ ಅಜಂತಾ ಮೆಂಡಿಸ್ ಕರಾಚಿಯ ಏಷ್ಯಾ ಕಪ್ ಫೈನಲ್ಲಿನಲ್ಲಿ 13 ರನ್ನಿಗೆ ನಮ್ಮ 6 ವಿಕೆಟ್ ಕಿತ್ತದ್ದು ನೆನಪಿರಬಹುದು. ಕೆಲವೇ ವಾರಗಳಲ್ಲಿ ನಡೆದ ಟೆಸ್ಟ್ ಸರಣಿಯಲ್ಲಿ, ಮೂರು ಪಂದ್ಯಕ್ಕೆ 26 ವಿಕೆಟ್. ಗಾಲೆಯಲ್ಲಿ ಸೆಹ್ವಾಗ್ ಔಟಾಗದೆ 201 ಹೊಡೆದದ್ದು ಬಿಟ್ಟರೆ ಎಲ್ಲರೂ ತಡಬಡಾಯಿಸಿದ್ದರು. ಮರುವರ್ಷ ಭಾರತಕ್ಕೆ ಬಂದಾಗ ಆ ಹೆದರಿಕೆ ಉಳಿದಿರಲಿಲ್ಲ, ಎಲ್ಲರೂ ವೀಡಿಯೋ ಹಾಕಿಕೊಂಡು ಆ ಬೆರಳು ನೋಡಿಯಾಗಿತ್ತು. 19 ಟೆಸ್ಟು, 70 ವಿಕೆಟ್ಟಿಗೆ ಮೆಂಡಿಸ್ ಮುಗಿದರು. ಚೆನ್ನೈ ಗಲ್ಲಿಗಳಲ್ಲಿ ಅದೇ ಚೆಂಡನ್ನು ಟೆನಿಸ್ ಬಾಲಿನಲ್ಲಿ ಕಲಿತ ಅಶ್ವಿನ್ ಅದನ್ನು ಅಪರೂಪಕ್ಕೆ, ಒಳ್ಳೆ ಆಫ್ ಬ್ರೇಕುಗಳ ನಡುವೆ ಬಚ್ಚಿಟ್ಟು ಹಾಕಿದರು. 2024ರಲ್ಲಿ ನಿವೃತ್ತರಾದಾಗ ಅವರ ಖಾತೆಯಲ್ಲಿ 537 ವಿಕೆಟ್ ಇದ್ದವು.

ಮೆಂಡಿಸ್ ಮೆರೆದ ಆ ಸರಣಿಯಲ್ಲಿ ಭಾರತದ ನಾಯಕ ಯಾರು ಗೊತ್ತಲ್ಲ, ನಮ್ಮ ಅನಿಲ್ ಕುಂಬ್ಳೆ. ಹುಡುಗನಾಗಿದ್ದಾಗ ವೇಗದ ಬೌಲರ್, ಆಮೇಲೆ ಲೆಗ್ ಸ್ಪಿನ್. "ಇವನ ಚೆಂಡು ತಿರುಗೋದೇ ಇಲ್ಲ" ಎಂದು ಮೊದಲ ದಿನದಿಂದ ಕೊನೆಯ ದಿನದವರೆಗೂ ಆಡಿಕೊಂಡರು. ನಿಜ, ವಾರ್ನ್ ಥರ ತಿರುಗುತ್ತಿರಲಿಲ್ಲ. ಎತ್ತರದ ಆಳು, ಕೈ ನೇರ ಮೇಲಿಂದ ಬರುತ್ತಿತ್ತು, ಚೆಂಡು ಬಿದ್ದು ಸರ್ರನೆ ಏಳುತ್ತಿತ್ತು, ಅದೂ ದಿನವಿಡೀ ಅದೇ ಜಾಗದಲ್ಲಿ. ಏನು ಬರುತ್ತದೆಂದು ಎಲ್ಲರಿಗೂ ಗೊತ್ತು, ಆದರೂ 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್, 74 ರನ್ನಿಗೆ. ಭುಜದ ಶಸ್ತ್ರಚಿಕಿತ್ಸೆ ಆದಮೇಲೆ, ಮೂವತ್ತು ದಾಟಿದ ವಯಸ್ಸಿನಲ್ಲಿ, ಗೂಗ್ಲಿಯನ್ನು ಇನ್ನಷ್ಟು ತಿದ್ದಿಕೊಂಡರು.

2008ರ ನವೆಂಬರಿನಲ್ಲಿ ಅದೇ ಕೋಟ್ಲಾದಲ್ಲಿ, ಆಸ್ಟ್ರೇಲಿಯಾ ವಿರುದ್ಧ ಕ್ಯಾಚ್ ಹಿಡಿಯಲು ಹೋಗಿ ಎಡಗೈ ಕಿರುಬೆರಳು ಸೀಳಿತು. 11 ಹೊಲಿಗೆ ಬಿತ್ತು. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಮೈದಾನಕ್ಕೆ ಇಳಿದು ಮತ್ತೆ ಬೌಲ್ ಮಾಡಿದರು, ಕೊನೆಯ ವಿಕೆಟ್ಟನ್ನು ತಮ್ಮದೇ ಬೌಲಿಂಗಿನಲ್ಲಿ ತಾವೇ ಕ್ಯಾಚ್ ಹಿಡಿದು ತೆಗೆದರು. 619ನೆಯದು. ಆ ಪಂದ್ಯದಲ್ಲೇ ನಿವೃತ್ತಿ ಹೇಳಿದರು.