ಮಸರಕಲ್‌ನಿಂದ ಖಡಕ್ ರೊಟ್ಟಿಯ ಆನ್‌ಲೈನ್ ಮಾರಾಟ: ಸಾಗಣೆ ಮತ್ತು ತೆರಿಗೆ ಕುರಿತ ಟಿಪ್ಪಣಿ

1. ವ್ಯಾಪ್ತಿ

ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಮಸರಕಲ್‌ನಂಥ ಊರಿನಿಂದ ಒಂದೆರಡು ಮನೆಯವರು ಆನ್‌ಲೈನ್ ಮಾರಾಟಕ್ಕೆ ಇಳಿದರೆ ಯಾವ ಸರಕು ಲಾಭಕ್ಕೆ ನಿಲ್ಲಬಹುದು ಎಂಬುದಷ್ಟೇ ಇಲ್ಲಿನ ವಿಚಾರ. ‘ಸಣ್ಣ’ ಎಂಬುದಕ್ಕೆ 2011ರ ಆಹಾರ ಸುರಕ್ಷತಾ ಪರವಾನಗಿ ಮತ್ತು ನೋಂದಣಿ ನಿಯಮಾವಳಿಯ ಮಿತಿಯನ್ನು ಇಟ್ಟುಕೊಂಡಿದೆ: ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟು. ಇಂಥ ಮಿತಿಗಳು ಬದಲಾಗುತ್ತವೆ. ಇಲ್ಲಿ ಅದು ಲೆಕ್ಕದ ಅಳತೆ ಮಾತ್ರ. ತೆರಿಗೆ ದರಗಳು 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದಂತೆ.

2. ಸಿದ್ಧಾಂತದ ತೊಡಕು

ಅಪರೂಪದ ಸರಕಿಗೂ ಅಂತರ್ಜಾಲದಲ್ಲಿ ಗಿರಾಕಿ ಸಿಗುತ್ತಾನೆ ಎಂಬ ವಾದಕ್ಕೆ ಸಾಮಾನ್ಯವಾಗಿ ಕೊಡುವ ಆಧಾರ ಕ್ರಿಸ್ ಆ್ಯಂಡರ್ಸನ್ ‘ವೈರ್ಡ್’ ಪತ್ರಿಕೆಯಲ್ಲಿ 2004ರ ಅಕ್ಟೋಬರ್‌ನಲ್ಲಿ ಬರೆದ ‘ಲಾಂಗ್ ಟೇಲ್’ ಲೇಖನ. 2008ರಲ್ಲಿ ಅನಿತಾ ಎಲ್ಬರ್ಸ್ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ದಲ್ಲಿ ಅದನ್ನು ಪ್ರಶ್ನಿಸಿದರು. ಇಬ್ಬರ ದತ್ತಾಂಶವೂ ಬಹುಪಾಲು ಸಂಗೀತ, ಸಿನಿಮಾ, ಪುಸ್ತಕಗಳದ್ದು. ತೂಕವಿರುವ, ಮುರಿಯುವ, ಕೆಡುವ ತಿನಿಸಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಅಪರೂಪದ ಸಾವಿರ ಸರಕನ್ನು ಒಟ್ಟುಗೂಡಿಸುವ ವೇದಿಕೆಗೆ ಲಾಭವಾದರೆ ಅದರಲ್ಲಿ ಒಂದನ್ನು ಮಾರುವವರಿಗೂ ಆದೀತೆಂದೇನೂ ಇಲ್ಲ.

3. ಪರಿಶೀಲಿಸಿ ಬಿಟ್ಟ ಎರಡು ಸರಕು

(ಅ) ಅಕ್ಕಿ. ರಾಯಚೂರಿನ ಸೋನಾ ಮಸೂರಿಗೆ ಹೆಸರಿದೆ. ಆದರೆ ಆ ಹೆಸರಿನಲ್ಲಿ ಬಿಕರಿಯಾಗುವುದರಲ್ಲಿ ಬಾಪಟ್ಲ ಕೇಂದ್ರದ ಬಿಪಿಟಿ 5204 ಕೂಡ ಸೇರಿರುತ್ತದೆ. ಅದರ ಅಧಿಕೃತ ಹೆಸರು ಸಾಂಬ ಮಸೂರಿ. ಕಿಲೋಗೆ ಸಿಗುವ ಲಾಭ ಕಡಿಮೆ, ಕೊರಿಯರ್ ವೆಚ್ಚ ಹೆಚ್ಚು.

(ಆ) ಮೆಣಸಿನಕಾಯಿ. ಈ ಭಾಗದ ಬೆಳೆಗಾರರೂ ಬ್ಯಾಡಗಿ ಮಾರುಕಟ್ಟೆಗೆ ಒಯ್ಯುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿರುವುದು ಬ್ಯಾಡಗಿ ಹೆಸರಿಗೆ. ಬೆಲೆಯ ಏರಿಳಿತ ಎಷ್ಟಿದೆ ಎಂಬುದಕ್ಕೆ 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿದು ನಡೆದ ಗಲಭೆ ಸಾಕ್ಷಿ.

4. ರೊಟ್ಟಿ: ಕಲಬುರಗಿಯ ನಿದರ್ಶನ

ಇಲ್ಲಿಗೆ ಅತ್ಯಂತ ಸಮೀಪದ ದಾಖಲಿತ ನಿದರ್ಶನ ‘ಕಲಬುರಗಿ ರೊಟ್ಟಿ’. ಮಹಿಳೆಯರ ಸಹಕಾರ ವ್ಯವಸ್ಥೆಯಲ್ಲಿ ದಿನಕ್ಕೆ 3,000ಕ್ಕಿಂತ ಹೆಚ್ಚು ಜೋಳದ ರೊಟ್ಟಿ ತಯಾರಾಗುತ್ತಿದೆ, ಆನ್‌ಲೈನ್ ಬೇಡಿಕೆಯೂ ಬರುತ್ತಿದೆ ಎಂಬ ಮಾಹಿತಿ 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿದೆ. ಇದು ಉತ್ಪಾದನೆಯ ಸಂಖ್ಯೆ. ಕೊಂಡವರಲ್ಲಿ ಮತ್ತೆ ಕೊಂಡವರೆಷ್ಟು, ಅದರಲ್ಲಿ ಅಂಚೆ ಅಥವಾ ಕೊರಿಯರ್ ಮೂಲಕ ಹೋದದ್ದೆಷ್ಟು ಎಂಬುದು ಇದರಿಂದ ತಿಳಿಯದು. ಅಲ್ಲಿ ಜಿಲ್ಲಾಡಳಿತದ ಬೆಂಬಲವಿತ್ತು. ಖಾಸಗಿ ಪ್ರಯತ್ನಕ್ಕೆ ಅದನ್ನು ಹೋಲಿಸುವಾಗ ಈ ವ್ಯತ್ಯಾಸ ಮರೆಯಬಾರದು.

ಒಂದು ರೊಟ್ಟಿಗೆ 10 ರೂಪಾಯಿ (ಲೆಕ್ಕಕ್ಕಾಗಿ ಊಹಿಸಿದ ದರ), ವರ್ಷಕ್ಕೆ 300 ಕೆಲಸದ ದಿನ ಎಂದು ಹಿಡಿದರೆ 12 ಲಕ್ಷದ ಮಿತಿಗೆ ದಿನಕ್ಕೆ 400 ರೊಟ್ಟಿ. ಅಂದರೆ ಕಲಬುರಗಿಯ ಪ್ರಮಾಣ ಇದರ ಏಳೂವರೆ ಪಟ್ಟಿಗೂ ಹೆಚ್ಚು.

ಬಿಸಿ ರೊಟ್ಟಿಯನ್ನು ದೂರ ಕಳಿಸುವಂತಿಲ್ಲ. ಕುದಿನೀರಿನಲ್ಲಿ ಹಿಟ್ಟು ನಾದಿ, ಬಡಿದು, ಹಂಚಿನ ಮೇಲೆ ಬೇಯಿಸಿದ ಮೇಲೆ ಗರಿಗರಿಯಾಗುವ ತನಕ ಒಣಗಿಸಿದ ಖಡಕ್ ರೊಟ್ಟಿ ಮಾತ್ರ ವಾರಗಟ್ಟಲೆ ಇರುತ್ತದೆ. ಗಿರಾಕಿ ಯಾರೆಂಬ ಬಗ್ಗೆ ಒಂದು ಎಚ್ಚರಿಕೆ: ದೇವದುರ್ಗ, ಮಾನ್ವಿ ಕಡೆಯಿಂದ ಗುಳೆ ಹೋದವರ ದೊಡ್ಡ ಸಂಖ್ಯೆಯನ್ನು ಬೇಡಿಕೆಯೆಂದು ಎಣಿಸಬಾರದು. ಆನ್‌ಲೈನ್‌ನಲ್ಲಿ ರೊಟ್ಟಿ ಕೊಳ್ಳುವವರು ಪ್ರಾಯಶಃ ಬೆಂಗಳೂರು, ಹೈದರಾಬಾದ್, ಪುಣೆಗಳ ಸಂಬಳದಾರರು ಮತ್ತು ವಿದ್ಯಾರ್ಥಿಗಳು.

5. ಪೆಟ್ಟಿಗೆಯ ಲೆಕ್ಕ

ಕೊರಿಯರ್ ಸಂಸ್ಥೆಗಳು ನಿಜತೂಕ ಮತ್ತು ಗಾತ್ರತೂಕ ಎರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುವುದು ರೂಢಿ. ಸೆಂಟಿಮೀಟರ್‌ಗಳಲ್ಲಿ ಉದ್ದ, ಅಗಲ, ಎತ್ತರಗಳ ಗುಣಲಬ್ಧವನ್ನು ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ರೊಟ್ಟಿ ಹಗುರ, ಆದರೆ ಜಾಗ ತಿನ್ನುತ್ತದೆ. 28 × 28 × 10 ಸೆಂ.ಮೀ. ರಟ್ಟಿನ ಪೆಟ್ಟಿಗೆಯ ಗಾತ್ರತೂಕ 1.57 ಕಿಲೋ. ಅದರಲ್ಲಿ ತಲಾ 30 ಗ್ರಾಂನ 25 ರೊಟ್ಟಿ ಇಟ್ಟರೆ ಸರಕಿನ ತೂಕ 750 ಗ್ರಾಂ. ಸುಮಾರು 800 ಗ್ರಾಂಗೆ, ಸರಕೇ ಇಲ್ಲದ ಜಾಗಕ್ಕೆ, ಹಣ ತೆತ್ತಂತಾಯಿತು.

ರೊಟ್ಟಿ ದುಂಡಗೆ, ಪೆಟ್ಟಿಗೆ ಚೌಕ. 26 ಸೆಂ.ಮೀ. ವ್ಯಾಸದ ರೊಟ್ಟಿಯನ್ನು ನಡುವೆ ಪೇರಿಸಿದರೆ ನಾಲ್ಕು ಮೂಲೆಯಲ್ಲೂ ಗರಿಷ್ಠ 5.6 ಸೆಂ.ಮೀ. ವ್ಯಾಸದ ಒಂದೊಂದು ಉರುಳೆ ಹಿಡಿಯುತ್ತದೆ. ಶೇಂಗಾ ಹಿಂಡಿ (ಚಟ್ನಿ ಪುಡಿ), ಗುರೆಳ್ಳು ಹಿಂಡಿಯ ಸಣ್ಣ ಪೊಟ್ಟಣಗಳನ್ನು ಅಲ್ಲಿಟ್ಟರೆ ನಿಜತೂಕ 1.57 ಕಿಲೋ ಮುಟ್ಟುವವರೆಗೆ ಸಾಗಣೆ ದರ ಏರುವುದಿಲ್ಲ. (ಅಗಸಿ ಹಿಂಡಿಯ ಎಣ್ಣೆ ಬೇಗ ಕಮಟಾಗುವುದರಿಂದ ಅದನ್ನು ಸದ್ಯ ಹೊರಗಿಡುವುದು ಲೇಸು.) ಸಾಗಣೆಯ ದೃಷ್ಟಿಯಿಂದ ಹಿಂಡಿ ಸೇರಿಸುವುದೇ ಸರಿ.

6. ತೆರಿಗೆಯ ಲೆಕ್ಕ

ಇಲ್ಲಿ ಫಲಿತಾಂಶ ತಿರುವುಮುರುವಾಗುತ್ತದೆ.

6.1. ಚಪಾತಿ, ರೊಟ್ಟಿಗಳ ಮೇಲೆ ಅದುವರೆಗೆ ಇದ್ದ ಶೇ. 5 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೂನ್ಯವಾಯಿತು. ಪರೋಟ ಮತ್ತು ‘ಯಾವ ಹೆಸರಿನಿಂದಲಾದರೂ ಕರೆಯುವ’ ಇತರ ಭಾರತೀಯ ರೊಟ್ಟಿಗಳೂ ಶೂನ್ಯ ದರಕ್ಕೆ ಬಂದವು. 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಪರೋಟ ರೊಟ್ಟಿಯಲ್ಲವೆಂದು ಶೇ. 18 ಹೇಳಿತ್ತು, ಆ ವ್ಯಾಜ್ಯಕ್ಕೆ ಈಗ ಎಡೆಯಿದ್ದಂತೆ ಕಾಣದು. ಒಣಗಿಸಿದ ಜೋಳದ ರೊಟ್ಟಿ ಈ ವಿಶಾಲ ವರ್ಗದೊಳಗೆ ಬರುತ್ತದೆಂದು ಓದುವುದು ಸಮಂಜಸ. ಆದರೆ ಪೊಟ್ಟಣ ಕಟ್ಟಿ ಚೀಟಿ ಹಚ್ಚಿದ ಜೋಳದ ಹಿಟ್ಟಿಗೆ 2022ರ ಜುಲೈ 18ರಿಂದ ಶೇ. 5 ಇದೆ.

6.2. ಹಿಂಡಿ ಕಾನೂನಿನಲ್ಲಿ ‘ಚಟ್ನಿ ಪುಡಿ’. 2017ರ ನವೆಂಬರ್‌ನಲ್ಲಿ ಅದರ ದರ ಶೇ. 18ರಿಂದ 5ಕ್ಕೆ ಇಳಿಯಿತು, ಶೂನ್ಯಕ್ಕಲ್ಲ.

6.3. ವಿನಾಯಿತಿಯುಳ್ಳ ಸರಕನ್ನು ಮಾತ್ರ ಮಾರುವವರು ಜಿಎಸ್‌ಟಿ ಕಾಯ್ದೆಯ 23ನೆಯ ಕಲಮಿನ ಪ್ರಕಾರ ನೋಂದಾಯಿಸಬೇಕಿಲ್ಲ. ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರುವವರು 24ನೆಯ ಕಲಮಿನಂತೆ, ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಾಯಿಸಬೇಕು. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. ಕಾನೂನಿನಲ್ಲಿ ಅದು ಹೊರರಾಜ್ಯ.

6.4. ವೇದಿಕೆಯ ಮೂಲಕ ರಾಜ್ಯದೊಳಗೆ ಮಾತ್ರ ಸರಕು ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ನೋಂದಣಿ ಕಡ್ಡಾಯವಲ್ಲ. ಅದರ ಷರತ್ತು ಗಮನಾರ್ಹ: ಅಂಥವರು ಹೊರರಾಜ್ಯಕ್ಕೆ ಯಾವ ಸರಕನ್ನೂ ಕಳಿಸಕೂಡದು. ‘ತೆರಿಗೆಯುಳ್ಳ’ ಎಂಬ ವಿಶೇಷಣ ಅಲ್ಲಿಲ್ಲ. ಆದ್ದರಿಂದ ಬೆಂಗಳೂರಿಗೆ ಹಿಂಡಿ ಸಮೇತ, ಹೈದರಾಬಾದಿಗೆ ಬರೀ ರೊಟ್ಟಿ ಎಂಬ ಎರಡು ಪೆಟ್ಟಿಗೆಗಳ ವ್ಯವಸ್ಥೆ, ಮೇಲ್ನೋಟಕ್ಕೆ ಜಾಣತನವೆನಿಸಿದರೂ, ನೋಂದಣಿ ಇಲ್ಲದೆ ವೇದಿಕೆಯ ಮೂಲಕ ಮಾರುವ ಒಬ್ಬನೇ ಮಾರಾಟಗಾರನಿಗೆ ದಕ್ಕುವಂತೆ ಕಾಣದು. ವೇದಿಕೆಗಳು ತಮ್ಮದೇ ನಿಯಮದಂತೆ ಬೇರೆ ದಾಖಲೆ ಕೇಳುವ ಸಾಧ್ಯತೆ ಪ್ರತ್ಯೇಕ.

7. ವಿಳಾಸ

2011ರ ಪೊಟ್ಟಣ ಸರಕು ನಿಯಮಗಳಂತೆ ತಯಾರಕರ ವಿಳಾಸ ಪೊಟ್ಟಣದ ಮೇಲಿರಬೇಕು. ದಾಸಸಾಹಿತ್ಯದ ಬರಹಗಳಲ್ಲಿ ಗೋಪಾಲದಾಸರ ಹುಟ್ಟೂರಾಗಿ ಬರುವ ‘ಮೊಸರಕಲ್ಲು’ ಇದೇ ಊರೆಂಬುದು ಸಾಮಾನ್ಯ ಗ್ರಹಿಕೆ. ಹೀಗೆ ಹೆಸರಿಗೆ ಎರಡು ರೂಪಗಳಿರುವುದರಿಂದ ನೋಂದಣಿ ಪತ್ರ, ಬ್ಯಾಂಕ್ ಖಾತೆ, ಪೊಟ್ಟಣ ಮೂರರಲ್ಲೂ ‘ಮಸರಕಲ್’ ಎಂಬ ಒಂದೇ ರೂಪವಿರುವುದು ಕ್ಷೇಮ.

8. ಮೂಲೆಗೆ ಬದಲಿ

ಪೆಟ್ಟಿಗೆಯ ಮೂಲೆಯಲ್ಲಿ ಹಿಂಡಿಯ ಬದಲು ಇಡಲು, ಸಾಗಣೆ ಮತ್ತು ತೆರಿಗೆ ಎರಡೂ ಲೆಕ್ಕಕ್ಕೆ ಹೊಂದುವ ಒಂದು ಸರಕಿದೆ. ಹಪ್ಪಳಕ್ಕೆ 2017ರಿಂದಲೂ ಜಿಎಸ್‌ಟಿ ಇಲ್ಲ. ರೊಟ್ಟಿಯ ಜೊತೆ ಅದನ್ನು ಇಟ್ಟರೆ 23ನೆಯ ಕಲಮಿನ ವಿನಾಯಿತಿಗೆ ಧಕ್ಕೆ ಬಾರದು. ಸಂಡಿಗೆಯನ್ನು ಹಪ್ಪಳವೆಂದು ಎಣಿಸುವುದು ಅಷ್ಟು ಸಲೀಸಲ್ಲ: ಹಪ್ಪಳಕ್ಕೂ ‘ಫ್ರೈಯಮ್ಸ್’ ಮಾದರಿಯ ಕರಿಯುವ ತಿನಿಸಿಗೂ ನಡುವಿನ ಗೆರೆ ಹಲವು ಸಲ ವ್ಯಾಜ್ಯಕ್ಕೆ ಬಂದಿದೆ. ಸದ್ಯಕ್ಕೆ ಹಪ್ಪಳವನ್ನಷ್ಟೇ ಪರಿಗಣಿಸಬೇಕು. ಅದರ ವ್ಯಾಸ, ಸುತ್ತಿದ ಕಾಗದವೂ ಸೇರಿ, 5.6 ಸೆಂ.ಮೀ. ಮೀರಬಾರದು.